ಎಡಗೈಯ ದಾರಿಗಣ್ಣು

“ಜನರೇಟರ್ ಬರೂವಷ್ಟು ರೊಕ್ಕಾ ಒಯ್ದು ಆಟಿಗಿ ಸಾಮಾನು ತಂದಿಯಲ್ಲ, ನಿನಗ ತಲಿ ನೆಟ್ಟಗ ಐತೇನು?”

ಅಣ್ಣ ಮೇಜನ್ನು ಗುದ್ದಿದ. ಮೇಜಿನ ಮೇಲಿದ್ದ ಹಿತ್ತಾಳೆಯ ಯಂತ್ರ, ನನ್ನ ದಾರಿಗಣ್ಣು, ಅದುರಿತು. ಅದರ ಗಾಜಿನೊಳಗಿನ ಹಸಿರು ಚುಕ್ಕಿ ಗಡಗಡ ನಡುಗಿ, ಅತ್ತಿತ್ತ ಹುಡುಕಾಡಿ, ಮತ್ತೆ ನಡುವಿಗೆ ಬಂದು ನಿಂತಿತು.

“ಗುದ್ದಬ್ಯಾಡ,” ಎಂದೆ. “ಇನ್ನೊಮ್ಮೆ ಗುದ್ದಿದ್ರ ನಾನೂ ಗುದ್ದತೇನಿ. ಮೇಜಿಗಲ್ಲ.”

“ನೋಡ್ರಿ, ಮಾತು ನೋಡ್ರಿ ಇಕೀದು!” ಎಂದಳು ಪಾರಕ್ಕ ವೈನಿ. ಅಲ್ಲಿ ನಮ್ಮ ಮೂವರ ಹೊರತು ಯಾರೂ ಇರಲಿಲ್ಲ. ಆದರೆ ಅಣ್ಣನ ಹೆಂಡತಿ ಯಾವಾಗಲೂ ಪಂಚರ ಮುಂದೆ ನಿಂತವಳಂತೆಯೇ ಮಾತಾಡುತ್ತಿದ್ದಳು.

“ಇದು ಏನ್ ಕೆಲಸ ಮಾಡತೈತಿ? ಅದನ್ನರ ಹೇಳು,” ಎಂದ ಅಣ್ಣ.

“ಏನೂ ಮಾಡಂಗಿಲ್ಲ.”

“ನೀರು ಹಿಡಿತೈತಿ?”

“ಇಲ್ಲ.”

“ಹೊತ್ತು ತೋರಸತೈತಿ?”

“ಇಲ್ಲಂದ್ನಲ್ಲ.”

“ಮತ್ತ ಏನ್ ಮಾಡತೈತಿ ಮುಂಜಾನಿಂದ ಸಂಜೀತನಕ?”

“ಗಲ್ಲಾದ ಮುಂದ ಸುಮ್ಮನ ಕುಂಡರತೈತಿ. ನಿನ್ನಂಗ.”

ವೈನಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಗು ಬಂದದ್ದಕ್ಕೋ ಸಿಟ್ಟು ಬಂದದ್ದಕ್ಕೋ ಗೊತ್ತಾಗಲಿಲ್ಲ. ಅಣ್ಣನ ಮುಖ ಕೆಂಪಾಯಿತು. “ನಮ್ಮ ಅಂಗಡ್ಯಾಗ ದುಡೀಲಾರದ ಸಾಮಾನು ಇರಂಗಿಲ್ಲ,” ಎಂದ. “ಮದುವಿ ಸೀಜನ್ ಬರೂದರಾಗ ಇದು ದುಡದರ ದುಡೀಲಿ, ಇಲ್ಲಂದ್ರ ಹಿತ್ತಾಳಿ ತೂಕಕ್ಕ ಹಾಕತೇನಿ.”

ನಮ್ಮದು ಬಾಡಿಗೆ ಸಾಮಾನಿನ ಅಂಗಡಿ. ಮದುವೆ, ತೊಟ್ಟಿಲು, ಮನೆ ಶಾಂತಿ, ತಿಥಿ, ಯಾವುದೇ ಇರಲಿ, ಪೆಂಡಾಲು, ಜಮಖಾನೆ, ಕೊಳಗ, ಮೈಕು, ದೀಪದ ಸರ ಎಲ್ಲವೂ ನಮ್ಮಲ್ಲಿಂದಲೇ ಹೋಗಬೇಕು. ಬಾಗಿಲ ಮೇಲಿನ ಹಲಗೆಯಲ್ಲಿ ‘ನೀಲಪ್ಪ ಆಂಡ್ ಸನ್ಸ್’ ಎಂದು ಬರೆದಿತ್ತು. ನೀಲಪ್ಪ ನಮ್ಮಪ್ಪ. ಸನ್ಸ್ ಎಂದರೆ ಅಣ್ಣ ಗುರುಬಸಪ್ಪ ಒಬ್ಬನೇ. ಮೈಕು ಕಟ್ಟುವವಳು, ದೀಪದ ಸರ ಹೆಣೆಯುವವಳು, ಜನರೇಟರ್ ಕೆಟ್ಟರೆ ಬಿಚ್ಚಿ ಕೂಡಿಸುವವಳು ನಾನು. ಹಲಗೆಯ ಮೇಲೆ ನನಗೆ ಜಾಗವಿರಲಿಲ್ಲ. ಕಂಬದ ಮೇಲೆ ಇತ್ತು.

ಅಂಗಡಿಯ ಪಾತ್ರೆಗಳಿಗೆಲ್ಲ ಹೆಸರು ಹೊಡೆಸುವುದು ನಮ್ಮ ಪದ್ಧತಿ. ಪೇಟೆಯ ಮೂಲೆಯಲ್ಲಿ ಹುಸೇನಸಾಬರು ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಟಕಟಕ ಎಂದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದರು. ಹತ್ತು ಮನೆಯ ಪಾತ್ರೆ ಒಂದೇ ಒಲೆಯ ಸುತ್ತ ಕಲೆತರೂ ಹೆಸರು ನೋಡಿ ಅವರವರದು ಅವರವರಿಗೆ ಸೇರುತ್ತಿತ್ತು. ಹೆಸರಿಲ್ಲದ್ದು ಯಾರ ಕೈಗೆ ಸಿಕ್ಕಿತೋ ಅವರದು.

ಅವ್ವ ನನ್ನ ಮದುವೆಗೆಂದು ಹಂಡೆ, ಕೊಳಗ, ತಾಟು, ತಂಬಿಗೆ ಕೂಡಿಸಿಟ್ಟಿದ್ದಳು. ಹೆಸರು ಮಾತ್ರ ಹೊಡೆಸಿರಲಿಲ್ಲ. “ಗಂಡಿನ ಹೆಸರು ಗೊತ್ತಾಗಲಿ, ಎರಡೂ ಕೂಡೇ ಹೊಡಸೂಣು,” ಎನ್ನುತ್ತಿದ್ದಳು. ಗಂಡು ಗೊತ್ತಾಗಲೇ ಇಲ್ಲ. ನೋಡಲು ಬಂದವರಲ್ಲಿ ಅರ್ಧ ಜನ ನನ್ನ ಬಾಯಿಗೆ ಹೆದರಿ ಹೋದರು, ಉಳಿದವರಿಗೆ ನಾನೇ ಬಾಗಿಲು ತೋರಿಸಿದೆ. ಅವ್ವ ತೀರಿಕೊಂಡ ಮೇಲೆ ಆ ಪಾತ್ರೆಗಳ ಕಂಠದ ಮೇಲೆ ‘ನೀಲಪ್ಪ ಆಂಡ್ ಸನ್ಸ್’ ಎಂದು ಚುಕ್ಕಿ ಬಿದ್ದವು. ಊರಿನ ಹುಡುಗಿಯರ ಮದುವೆಗಳಿಗೆಲ್ಲ ಅವು ಹೋಗಿ ಬಂದವು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಬೋರಲು ಹಾಕಿದವಳು ನಾನು.

ಬಂಗಾರ ಮಾತ್ರ ಉಳಿದಿತ್ತು. ಒಂದು ಸರ, ಕೈಗೆ ಎರಡು ಬಿಲವಾರ. ಅವ್ವ ಅದನ್ನು ನನ್ನ ಕೈಯಲ್ಲೇ ಇಟ್ಟು ಕಣ್ಣು ಮುಚ್ಚಿದ್ದಳು. ಅದನ್ನು ಮಾರಿ ನಾನು ದಾರಿಗಣ್ಣು ಮಾಡಿಸಿದೆ.

ಅದು ಒಂದು ಸಿನೆಮಾದ ಸಾಮಾನು. ನಾನು ಲಂಗ ಉಡುವ ವಯಸ್ಸಿನಲ್ಲಿ ಊರ ಹೊರಗಿನ ಬಯಲಿಗೆ ಟೂರಿಂಗ್ ಟಾಕೀಸು ಬಂದಿತ್ತು. ಅದಕ್ಕೆ ಕರೆಂಟು ನಮ್ಮ ಜನರೇಟರಿನದು. ಅಲ್ಲಿ ‘ನಿದ್ದೆಯ ನೌಕೆ’ ಎಂಬ ಸಿನೆಮಾ ಹಾಕಿದರು. ನಕ್ಷತ್ರಗಳ ನಡುವೆ ಒಂದು ಹಡಗು ಹೊರಟಿದೆ. ಮುಟ್ಟಬೇಕಾದ ಊರು ಎಷ್ಟು ದೂರವೆಂದರೆ ಹಡಗಿನ ಜನರೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿಬಿಟ್ಟಿದ್ದಾರೆ. ಎಚ್ಚರವಿರುವವಳು ಒಬ್ಬಳೇ ಹೆಂಗಸು. ಅವಳ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಹಿತ್ತಾಳೆಯ ಯಂತ್ರ. ಒಂದು ಬದಿಗೆ ಹಿಡಿಕೆ, ಮುಂದೆ ಉಬ್ಬುಗಾಜು, ಗಾಜಿನೊಳಗೆ ಹಸಿರು ಚುಕ್ಕಿ. ಅದರ ಹೆಸರೇ ದಾರಿಗಣ್ಣು. ಹಡಗು ದಾರಿ ತಪ್ಪಿದರೆ ಚುಕ್ಕಿ ನಡುಗುತ್ತದೆ. ಅವಳು ಅದನ್ನು ಎತ್ತಿ ಕತ್ತಲೆಗೆ ಹಿಡಿದು ನಿಲ್ಲುತ್ತಾಳೆ, ಚುಕ್ಕಿ ನಡುವಿಗೆ ಬರುವತನಕ. ತಾವು ಮಲಗಿದ್ದಾಗ ಒಬ್ಬಳು ಎಚ್ಚರವಿದ್ದಳೆಂಬುದು ಉಳಿದವರಿಗೆ ಕಡೆಗೂ ತಿಳಿಯುವುದಿಲ್ಲ. ಅಷ್ಟೇ ಕತೆ. ಒಂದು ಹಾಡೂ ಇರಲಿಲ್ಲ. ಊರಿನ ಜನ ಬೈದುಕೊಂಡು ಎದ್ದು ಹೋದರು.

ನಾನು ಏಳಲಿಲ್ಲ. ಆ ಹೆಂಗಸನ್ನು ನಾನು ಆಮೇಲೆ ಎಷ್ಟು ಸಲ ನೆನೆದೆನೋ ಲೆಕ್ಕವಿಲ್ಲ. ಯಾರದೋ ಮದುವೆಯ ಹಿಂದಿನ ದಿನ, ಬೀಗರೆಲ್ಲ ಪೆಂಡಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದರೆ, ದೀಪದ ಸರ ಸುಟ್ಟುಹೋಗದಂತೆ ಕಾಯುತ್ತ ಕೂತಾಗ ನನಗೆ ಅವಳು ಜೊತೆಗಿದ್ದಳು.

ಎಷ್ಟೋ ಕಾಲದ ಮೇಲೆ ಒಂದು ನಾಟಕ ಕಂಪನಿ ನಮ್ಮ ದೀಪಗಳನ್ನು ಬಾಡಿಗೆಗೆ ಹಿಡಿಯಿತು. ಅದರ ರಂಗಸಜ್ಜಿಕೆ ಮಾಡಲು ಬೇರೆ ಊರಿನಿಂದ ಮೌನೇಶಾಚಾರ್ಯರು ಎಂಬ ಹಿರಿಯರು ಬಂದಿದ್ದರು. ಮಾತಿಗೆ ಮಾತು ಬಂದು ಸ್ಟುಡಿಯೋದಲ್ಲಿ ಕೆಲಸ ಮಾಡಿದ ಕತೆ ಹೇಳಿದರು. “ನಿದ್ದೆಯ ನೌಕೆ ಅಂತ ಒಂದು ಸಿನೆಮಾ ಇತ್ತು. ಓಡಲಿಲ್ಲ. ಅದರಾಗಿನ ದಾರಿಗಣ್ಣು ಮಾಡಿದವ ನಾನ,” ಎಂದರು.

ನನ್ನ ಕೈಯಲ್ಲಿದ್ದ ವೈರು ಕೆಳಗೆ ಬಿತ್ತು. “ಅದು ಈಗ ಎಲ್ಲೈತ್ರಿ?”

“ಸ್ಟುಡಿಯೋ ಮುಚ್ಚಿದಾಗ ತೂಕಕ್ಕ ಹಾಕಿದ್ರವಾ. ಯಾರೋ ಕರಗಿಸಿ ಕೊಡ ಮಾಡಿರಬೇಕು.”

“ಹಂಗಾದ್ರ ಇನ್ನೊಂದು ಮಾಡ್ರಿ. ನನಗ.”

ಅವರು ನಕ್ಕರು. “ಸಸ್ತಾ ಆಗಂಗಿಲ್ಲ, ಮೊದಲ ಹೇಳತೇನಿ. ಗಾಜು ಕೈಲೇ ತಿಕ್ಕಬೇಕು. ತಗಡಿನಾಗ ಮಾಡಂದ್ರ ಮಾಡೂದಿಲ್ಲ.”

“ತಗಡಿನಾಗ ಮಾಡ್ರಿ ಅಂತ ನಿಮಗ ಯಾರ್ ಹೇಳಿದ್ರು?” ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಚುಕ್ಕಿಯನ್ನು ನಡುಗಿಸುವುದು ಮಾತ್ರ ಅವರಿಗೆ ಸಾಧ್ಯವಾಗಲಿಲ್ಲ. ಸಿನೆಮಾದಲ್ಲಿ ಅದನ್ನು ಕ್ಯಾಮೆರಾದ ಆಟದಿಂದ ತೋರಿಸಿದ್ದರಂತೆ. ನಾನು ಬಸ್ಸು ಹತ್ತಿ ಅವರ ಊರಿಗೆ ಹೋದೆ. ದೀಪದ ಸರದ ಸಣ್ಣ ಹಸಿರು ಬಲ್ಬನ್ನು ಪೆನ್ನಿನ ಸ್ಪ್ರಿಂಗಿನ ತುದಿಗೆ ಕೂರಿಸಿ, ಬ್ಯಾಟರಿ ಸೆಲ್ಲಿಗೆ ಜೋಡಿಸಿ ಒಳಗಿಟ್ಟೆ. ಅಲುಗಾಡಿಸಿದರೆ ನಡುಗುತ್ತಿತ್ತು, ಬಿಟ್ಟರೆ ನಡುವಿಗೆ ಬಂದು ನಿಲ್ಲುತ್ತಿತ್ತು. ಆಚಾರ್ಯರು ಅದನ್ನು ಮತ್ತೆ ಮತ್ತೆ ಅಲುಗಾಡಿಸಿ ನೋಡಿದರು. “ಅಸಲೀದರಾಗ ಇದು ಇರಲಿಲ್ಲವಾ. ಆ ಬಾಡಿಗಿ ಅಂಗಡಿ ಬಿಟ್ಟು ನನ್ನ ಕಡೆ ಬಂದುಬಿಡು. ನಾಟಕದವರ ಕೆಲಸ ಮುಗ್ಯಾಕವಲ್ದು, ಕಣ್ಣು ಕೈ ಕೊಡಾಕಹತ್ತ್ಯಾವ,” ಎಂದರು. ನಾನು ನಕ್ಕುಬಿಟ್ಟೆ. ಅಂಗಡಿ ಬಿಡುವುದೆಂದರೆ ಏನೆಂದು ನನಗೆ ಆಗ ಗೊತ್ತೇ ಇರಲಿಲ್ಲ.

ಅದಕ್ಕೆ ಕೊಟ್ಟ ಬೆಲೆಯಲ್ಲಿ ಒಂದು ಒಳ್ಳೆಯ ಜನರೇಟರ್ ಬರುತ್ತಿತ್ತು. ಅಣ್ಣ ಹೇಳಿದ್ದು ಸುಳ್ಳಲ್ಲ.

ಜಗಳವಾದ ಮೇಲೆ ವಾರಗಟ್ಟಲೆ ನಾವು ಮಾತಾಡಲಿಲ್ಲ. ಬೇಕಾದದ್ದನ್ನು ವೈನಿಯ ಮೂಲಕ ಹೇಳಿ ಕಳಿಸುತ್ತಿದ್ದೆವು. ವೈನಿ ಎರಡೂ ಕಡೆಗೆ ಒಂದಿಷ್ಟು ಉಪ್ಪುಖಾರ ಹಚ್ಚಿ ಮುಟ್ಟಿಸುತ್ತಿದ್ದಳು. ದಾರಿಗಣ್ಣನ್ನು ನಾನು ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟಿದ್ದೆ. ಹಟಕ್ಕೇ ಇಟ್ಟಿದ್ದೆ.

ಒಂದು ಸಂಜೆ ಪೇಟೆಯ ಕರೆಂಟು ಹೋಯಿತು. ಎಲ್ಲ ಅಂಗಡಿಗಳೂ ಕಪ್ಪಾದವು. ನಮ್ಮ ಕಪಾಟಿನಲ್ಲಿ ಮಾತ್ರ ಹಸಿರು ಚುಕ್ಕಿ ಉರಿಯುತ್ತಿತ್ತು. ಹಾದು ಹೋಗುವವರು ನಿಂತರು. ನಿಂತವರನ್ನು ನೋಡಿ ಇನ್ನಷ್ಟು ಜನ ನಿಂತರು. “ಏನ್ರೀ ಅದು?” “ಮುಟ್ಟಿದ್ರ ಕರೆಂಟ್ ಹೊಡಿತೈತೇನು?” “ಗುರುಬಸಪ್ಪನ ತಂಗಿ ತಂದಾಳಂತ, ಚಂದ್ರನ ಮ್ಯಾಲಿಂದು!” ಅರಿವೆ ಅಂಗಡಿಯ ಮುಧೋಳಶೆಟ್ಟರು ಮಗನ ಮದುವೆಯ ಪೆಂಡಾಲು ಗೊತ್ತು ಮಾಡಲು ಅದೇ ಹೊತ್ತಿಗೆ ಬಂದರು. ಮಗ ಕಪಾಟಿನ ಮುಂದಿನಿಂದ ಕದಲಲಿಲ್ಲ. ಮೆರವಣಿಗೆಯಲ್ಲಿ ಕತ್ತಿಯ ಬದಲು ಇದನ್ನೇ ಕೈಯಲ್ಲಿ ಹಿಡಿಯುತ್ತೇನೆಂದು ಹಟ ಹಿಡಿದ. ಶೆಟ್ಟರು ಕೇಳಿದಷ್ಟು ಬಾಡಿಗೆಗೆ ಒಪ್ಪಿದರು. ಅವರನ್ನು ನೋಡಿ ಇನ್ನಿಬ್ಬರು ಬಂದರು.

ಮರುದಿನ ಅಣ್ಣ ತಾನಾಗಿಯೇ ಮಾತಾಡಿಸಿದ. “ಗೆದ್ದಿ ಬಿಡು ತಂಗಿ! ಒಂದ ಸೀಜನ್ನಿನಾಗ ರೊಕ್ಕಾ ತಿರುಗಿ ಬರತೈತಿ. ನಿನಗ ವ್ಯಾಪಾರ ತಿಳೀತೈತಿ ಅಂತ ನಾ ಮೊದಲಿಂದ ಹೇಳಕೋತ ಬಂದೇನಿ.”

ಅವನು ಹಾಗೆ ಯಾವತ್ತೂ ಹೇಳಿರಲಿಲ್ಲ. ವೈನಿ ಶೇಂಗಾದ ಉಂಡಿ ತಂದು ಮುಂದಿಟ್ಟಳು. ನಾನು ತಿಂದೆ. ಸುಳ್ಳೇಕೆ ಹೇಳಲಿ, ರುಚಿಯಾಗಿತ್ತು. ನಡುವಯಸ್ಸು ದಾಟಿದ ಮೇಲೆ ಮೊದಲ ಸಲ ಆ ಮನೆಯಲ್ಲಿ ನಾನು ಮಾಡಿದ್ದು ಸರಿ ಎಂದು ಒಬ್ಬರು ಹೇಳಿದ್ದರು.

“ಎರಡು ಸಣ್ಣ ಕೆಲಸ ಉಳದಾವ ನೋಡು,” ಎಂದ ಅಣ್ಣ. “ಒಂದು, ಹುಸೇನಸಾಬನ ಕಡೆ ನಮ್ಮ ಹೆಸರು ಹೊಡಸೂದು. ಹೆಸರಿಲ್ಲದ ಸಾಮಾನು ಹೊರಗ ಬಿಡಾಕಾಗಂಗಿಲ್ಲ. ಇನ್ನೊಂದು, ಹಿಡಿಕಿ. ಆ ಆಚಾರಿ ನಿನಗ ಟೊಪ್ಪಿಗಿ ಹಾಕ್ಯಾನ. ಹಿಡಿಕಿ ಎಡಕ್ಕ ಹಚ್ಚ್ಯಾನ. ಸಿನೆಮಾದಾಗ ಬಲಕ್ಕ ಇತ್ತು.”

“ಎಡಕ್ಕ ಇತ್ತು.”

“ಬಲಕ್ಕ! ನಾ ಅಪ್ಪನ ಬಾಜೂ ಖುರ್ಚಿ ಮ್ಯಾಲ ಕುಂತು ನೋಡೇನಿ. ನೀ ಎಲ್ಲೆ ಕುಂತಿದ್ದಿ?”

ಕೇಳಿದ ಮೇಲೆ ಅವನಿಗೇ ನೆನಪಾಯಿತೆಂದು ಕಾಣುತ್ತದೆ. ಕೈಯಲ್ಲಿದ್ದ ಉಂಡಿಯನ್ನು ತಿರುಗಿ ತಾಟಿನಲ್ಲಿಟ್ಟ.

ನಾನು ಪರದೆಯ ಹಿಂದೆ ಕುಳಿತಿದ್ದೆ. ಜನರೇಟರಿನ ಪಕ್ಕದಲ್ಲಿ, ಎಣ್ಣೆಯ ಡಬ್ಬಿ ಕಾಯುತ್ತ. ಅಲ್ಲಿಂದ ನೋಡಿದರೆ ಸಿನೆಮಾ ತಿರುಗುಮುರುಗಾಗಿ ಕಾಣುತ್ತದೆ. ಅಕ್ಷರಗಳೆಲ್ಲ ಉಲ್ಟಾ, ಬಲಗೈಯೆಲ್ಲ ಎಡಗೈ. ಇಂಜಿನ್ನಿನ ಸದ್ದಿಗೆ ಮಾತೂ ಸರಿಯಾಗಿ ಕೇಳಿಸಿರಲಿಲ್ಲ. ಆಚಾರ್ಯರೂ ಹಿಡಿಕೆ ಬಲಕ್ಕಿತ್ತೆಂದೇ ಹೇಳಿದ್ದರು. ನಾನು, “ನಾ ನೋಡಿದ್ದು ಎಡಗೈಯಾಗ. ನಂದು ಹಂಗ ಇರಲಿ,” ಎಂದಿದ್ದೆ. ಅವರು ನನ್ನ ಮುಖ ನೋಡಿ ಹಿಡಿಕೆಯನ್ನು ಎಡಕ್ಕೆ ಕೂರಿಸಿದ್ದರು.

“ಹಂಗಾದ್ರ ನೀ ನೋಡಿದ್ದ ತಪ್ಪು,” ಎಂದ ಅಣ್ಣ. ಈ ಸಲ ದನಿ ಮೆತ್ತಗಿತ್ತು.

“ತಪ್ಪೋ ಒಪ್ಪೋ, ನಾ ನೋಡಿದ್ದು ಅದನ್ನ. ನೀ ನೋಡಿದ್ದಕ್ಕ ನಾ ಯಾಕ ಬಂಗಾರ ಮಾರಲಿ?”

“ಶೆಟ್ಟರಿಗೆ ಉಲ್ಟಾ ಸಾಮಾನು ಕೊಡಾಕ ಬರಂಗಿಲ್ಲ ತಂಗಿ. ನಾಲ್ಕು ಮಂದಿ ನಗತಾರ.”

“ಕೊಡಬ್ಯಾಡ. ಕೊಡು ಅಂದವರ್ಯಾರು?”

ಅವನು ಎದ್ದು ಹೋದ. ಮಾತು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಮರುದಿನ ಮುಂಜಾನೆ ಗೌಡರ ಮನೆಯ ಮೈಕಿನ ತಂತಿ ಸುತ್ತಿ ಅಂಗಡಿಗೆ ಬಂದರೆ ಕಪಾಟು ಖಾಲಿ.

ವೈನಿಯನ್ನು ಕೇಳುವ ಅಗತ್ಯವಿರಲಿಲ್ಲ. ಪೇಟೆಯ ನಡುವೆ ಓಡಿದೆ. ನನ್ನಂಥ ದಪ್ಪ ಹೆಂಗಸು ಓಡುವುದನ್ನು ನೋಡಿ ಬಾಳೆಹಣ್ಣಿನವಳು, “ಯಕ್ಕಾ, ಬೆಂಕಿ ಎಲ್ಲೆ ಬಿದ್ದೈತಿ?” ಎಂದು ಕೂಗಿದಳು. “ನಮ್ಮ ಅಣ್ಣನ ತಲಿಗೆ ಬೀಳೂದೈತಿ!” ಎಂದೆ.

ಹುಸೇನಸಾಬರ ಅಂಗಡಿಯ ಮುಂದೆ ಅಣ್ಣ ಕುಕ್ಕರುಗಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಶೆಟ್ಟರ ಮಗ. ಒಲೆಯ ಕೆಂಡದಲ್ಲಿ ಬೆಸುಗೆಯ ಕಬ್ಬಿಣ ಕಾಯುತ್ತಿತ್ತು. ಸಾಬರು ದಾರಿಗಣ್ಣನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಕೆಯ ಕೆಳಗೆ ಹೆಬ್ಬೆರಳಾಡಿಸುತ್ತಿದ್ದರು.

“ಗುರುಬಸಪ್ಪನವರ, ಇದಕ್ಕ ಹೆಸರು ಹೊಡದೈತಿ,” ಎಂದರು.

“ಇಲ್ಲ ಬಿಡ್ರಿ. ಅಂಗಡ್ಯಾಗ ನಾನ ನೋಡೇನಿ.”

“ಹಿಡಿಕೀ ಬುಡಕ ಐತಿ. ಯಾರೋ ಕೈ ಪಳಗಲಾರದವರು ಹೊಡದಾರ. ಅಕ್ಷರ ಕುಂಟತಾವ.”

ಹೊಡೆದವಳು ನಾನೇ. ಆಚಾರ್ಯರ ಕಾರ್ಖಾನೆಯಲ್ಲಿ ಅವರು ಊಟಕ್ಕೆ ಹೋದಾಗ ಒಂದು ಮೊಳೆ, ಒಂದು ಸುತ್ತಿಗೆ ಹಿಡಿದು ನನ್ನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಮೂಡಿಸಿದ್ದೆ. ನನ್ನ ಹೆಸರಷ್ಟೇ. ಮುಂದೆ ಯಾರ ಹೆಸರಿಗೂ ಜಾಗ ಬಿಟ್ಟಿರಲಿಲ್ಲ.

“ಅದರ ಮ್ಯಾಲ ನಮ್ಮದು ಹೊಡ್ರಿ,” ಎಂದ ಅಣ್ಣ.

ಸಾಬರು ಉಳಿಯನ್ನು ಕೆಳಗಿಟ್ಟರು. “ಹೆಸರಿನ ಮ್ಯಾಲ ಹೆಸರು ಹೊಡಿಯಾಕ ಬರಂಗಿಲ್ಲರಿ. ಅದು ಕಳವಿನ ಮಾಲಿಗೆ ಮಾಡೂ ಕೆಲಸ. ಹೆಸರಿನವರು ತಾವ ಬಂದು ಬಾಯಿಲೆ ಹೇಳಿದ್ರ ಮಾತ್ರ ಹೊಡಿತೇನಿ. ನಮ್ಮ ಮನಿತನದ ರೀತಿ ಇದು. ನಿಮ್ಮಪ್ಪಗೂ ಗೊತ್ತಿತ್ತು.”

“ಆಯ್ತಲ್ಲ, ಇಲ್ಲೇ ಬಂದಾಳ,” ಎಂದ ಅಣ್ಣ ನನ್ನನ್ನು ನೋಡಿ. ಎದ್ದು ಹತ್ತಿರ ಬಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. “ತಂಗಿ, ಕೇಳು. ಅವ್ವನ ಬಂಗಾರ ತಿರುಗಿ ಬರತೈತಿ. ಈ ಸಾಮಾನು ಯಾಕ ತಂದಿ ಅಂತ ಇನ್ನ ಊರಾಗ ಒಬ್ಬರೂ ಕೇಳಂಗಿಲ್ಲ. ನಾನೂ ಕೇಳಂಗಿಲ್ಲ. ಒಂದ ಮಾತು, ಹೂಂ ಅನ್ನು.”

ಅವನು ನನ್ನನ್ನು ಮೋಸಗೊಳಿಸುತ್ತಿರಲಿಲ್ಲ. ನಾನು ಇಷ್ಟು ದಿನ ಹಟ ಹಿಡಿದು ಹುಡುಕುತ್ತಿದ್ದ ಸಮರ್ಥನೆಯನ್ನು ಅವನು ಅಂಗೈಯಲ್ಲಿಟ್ಟು ನೀಡುತ್ತಿದ್ದ. ಹೂಂ ಎಂದರೆ ಬೆಲೆ ಸರಿಹೋಗುತ್ತಿತ್ತು, ಮನೆ ಸರಿಹೋಗುತ್ತಿತ್ತು, ನಾನು ಜಾಣೆಯಾಗುತ್ತಿದ್ದೆ. ಹಿಡಿಕೆ ಬಲಕ್ಕೆ ಹೋಗುತ್ತಿತ್ತು. ಆಮೇಲೆ ಉಳಿಯುವುದು ಇನ್ನೊಂದು ಕೊಳಗ. ಮದುವೆ ಮದುವೆಗೆ ಹೋಗಿ ಬರುತ್ತದೆ, ನಾನು ತೊಳೆದು ಬೋರಲು ಹಾಕುತ್ತೇನೆ.

“ಹೊಡೀಲೇನವಾ?” ಎಂದು ಕೇಳಿದರು ಸಾಬರು.

“ಬ್ಯಾಡ್ರಿ. ಅದು ಬಾಡಿಗಿ ಸಾಮಾನಲ್ಲ.”

“ಮತ್ತ ಅಷ್ಟು ರೊಕ್ಕಾ ಯಾಕ ಸುರದಿ?” ಅಣ್ಣ ಕೂಗಿದ. “ಏನ್ ಕಾರಣಕ್ಕ? ಒಂದ ಕಾರಣ ಹೇಳು!”

“ನನಗ ಬೇಕಾಗಿತ್ತು. ರೊಕ್ಕಾ ನನ್ನ ಕಡೆ ಇತ್ತು. ತಂದೇನಿ. ಮುಗೀತು.”

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಎಷ್ಟು ಸಣ್ಣ ಮಾತು! ಇದನ್ನು ಹೇಳುವ ಬದಲು ನಾನು ಅಷ್ಟು ದಿನ ವೈನಿಯ ಮೂಲಕ ಅಣ್ಣನಿಗೆ ಸಿನೆಮಾದ ಕತೆ, ಹಿತ್ತಾಳೆಯ ತೂಕ, ಗಾಜಿನ ಕೆಲಸ ಎಲ್ಲವನ್ನೂ ಹೇಳಿ ಗಂಟಲು ಹರಿದುಕೊಂಡಿದ್ದೆ.

“ದುಡೀಲಾರದ್ದಕ್ಕ ನನ್ನ ಅಂಗಡ್ಯಾಗ ಜಾಗ ಇಲ್ಲ.”

“ಖರೆ ಐತಿ. ದುಡದವರಿಗೂ ಇರಲಿಲ್ಲ.”

ಹುಸೇನಸಾಬರು ದಾರಿಗಣ್ಣನ್ನು ಅಂಗಿಯ ಚುಂಗಿನಿಂದ ಒರೆಸಿ, ಎರಡೂ ಕೈಯಿಂದ ಎತ್ತಿ ಕೊಟ್ಟರು. “ತಗೋರಿ ಮಾಲಕರ,” ಎಂದರು. ಆ ಪೇಟೆಯಲ್ಲಿ ನಾನು ಯವ್ವಾ ಆಗಿದ್ದೆ, ಯಕ್ಕಾ ಆಗಿದ್ದೆ, ಗುರುಬಸಪ್ಪನ ತಂಗಿಯಾಗಿದ್ದೆ. ಮಾಲಕಿಯಾದದ್ದು ಅವತ್ತೇ. ಎಡಗೈಯಲ್ಲಿ ಹಿಡಿದೆ. ಹಿಡಿಕೆ ಸರಿಯಾಗಿ ಕೂತಿತು.

ನಾನು ಅಂಗಡಿಯ ಕಡೆಗೆ ತಿರುಗದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದದ್ದನ್ನು ಕಂಡು ಅಣ್ಣ ಹಿಂದಿನಿಂದ ಕೂಗಿದ. “ಎಲ್ಲಿ ಹೊಂಟಿ? ಸಂಜೀಮುಂದ ಶೆಟ್ಟರ ಮನಿ ಮೈಕ್ ಯಾರ್ ಕಟ್ಟತಾರ?”

“ಸನ್ಸ್ ಕಟ್ಟತಾರ!” ಎಂದೆ.

ಪೇಟೆ ನಕ್ಕಿತು. ಶೆಟ್ಟರ ಮಗನೂ ನಕ್ಕ. ನಾನು ನಿಲ್ಲಲಿಲ್ಲ. ಮನೆಗೆ ಹೋಗಿ ಸೀರೆಯ ಗಂಟು ಕಟ್ಟಿಕೊಳ್ಳಲೂ ಇಲ್ಲ. ಹೋಗಿದ್ದರೆ ವೈನಿ ಅಳುತ್ತಿದ್ದಳು, ನಾನು ಬೈಯುತ್ತಿದ್ದೆ, ಸಂಜೆಯಾಗುತ್ತಲೇ ಕಂಬ ಹತ್ತುತ್ತಿದ್ದೆ. ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಆ ಊರಿಗೆ ನಾನು ಮತ್ತೆ ಕಾಲಿಡಲಿಲ್ಲ.

ಆಚಾರ್ಯರ ಊರಿನ ಬಸ್ಸು ಹೊರಡಲು ತಯಾರಾಗಿತ್ತು. ಅರ್ಧ ಖಾಲಿ. ಕಿಟಕಿಯ ಸೀಟಿನಲ್ಲಿ ದಾರಿಗಣ್ಣನ್ನು ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಕಂಡಕ್ಟರು ಬಂದು ನೋಡಿದ.

“ಯಕ್ಕಾರ, ಆ ಸಾಮಾನು ತೊಡಿ ಮ್ಯಾಲ ಇಟಗೋರಿ. ಸೀಟಿನ ಮ್ಯಾಲ ಕುಂಡರಸಿದ್ರ ಅದಕ್ಕೂ ತಿಕೀಟು ಹರಿಬೇಕಾಗತೈತಿ ನೋಡ್ರಿ.”

“ಹರಿ.”

“ಏನ್ರೀ?”

“ಅದಕ್ಕೂ ಒಂದು ಹರಿ. ಪೂರಾ ತಿಕೀಟು. ಅರ್ಧ ಅಲ್ಲ.”

ಅವನು ಚೇಷ್ಟೆಗೆ ಹೇಳಿದ್ದ. ನನ್ನ ಮುಖ ನೋಡಿ ನಗುವುದನ್ನು ಬಿಟ್ಟು ಎರಡು ಟಿಕೆಟು ಹರಿದು ಕೊಟ್ಟ. ಒಂದನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡೆ. ಇನ್ನೊಂದನ್ನು ಹಿತ್ತಾಳೆಯ ಕೆಳಗೆ, ಗಾಳಿಗೆ ಹಾರದಂತೆ ಒತ್ತಿಟ್ಟೆ. ಬಸ್ಸು ಊರ ಹೊರಗಿನ ತಿರುವು ದಾಟಿತು. ಎರಡೂ ಕಡೆ ಬಿಳಿಜೋಳದ ಹೊಲಗಳು ತೆನೆ ತೂಗುತ್ತಿದ್ದವು. ಉಬ್ಬುಗಾಜಿನಲ್ಲಿ ಆ ಹೊಲಗಳು ಬೊಗಸೆಯಷ್ಟು ಸಣ್ಣದಾಗಿ ಬಂದು, ಬಿಸಿಲು ತುಂಬಿಕೊಂಡು, ಒಂದರ ಹಿಂದೊಂದು ಹಿಂದಕ್ಕೆ ಹೋಗುತ್ತಿದ್ದವು.